ಧೀರಸ್ತ್ರೀಯರ ಕಥೆಯೂ ಸಹೃದಯನ ಪಕ್ಷಪಾತವೂ

ಮೂಡುಬಿದಿರೆಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಬೆಳುವಾಯಿ ಇದೆ. ಅಲ್ಲಿ ನಿಂತವನಿಗೆ ಒಂದು ದಿಕ್ಕಿಗೆ ಚೌಟರಸರ ಮೂಡುಬಿದಿರೆ, ಇನ್ನೊಂದು ದಿಕ್ಕಿಗೆ ಭೈರರಸರ ಕಾರ್ಕಳ. ಎರಡೂ ಜೈನ ಅರಸು ಮನೆತನಗಳು. ಎರಡರಲ್ಲಿಯೂ ಪಟ್ಟವೂ ಆಸ್ತಿಯೂ ತಾಯಿಯ ಕಡೆಯಿಂದ ಇಳಿದುಬರುವ ಅಳಿಯಸಂತಾನದ ಕಟ್ಟು. ಹೆಣ್ಣೊಬ್ಬಳು ಗದ್ದುಗೆಯೇರಿದಳೆಂದರೆ ಈ ಸೀಮೆಯ ಜನ ಅದನ್ನು ಅದ್ಭುತವೆಂದು ಬಗೆಯುವುದಿಲ್ಲ. ಉಳ್ಳಾಲದ ಅಬ್ಬಕ್ಕದೇವಿ ಇದೇ ಚೌಟರ ಮನೆಯವಳು.

ಮೂಡುಬಿದಿರೆಯ ಚೌಟರ ಅರಮನೆಯಲ್ಲಿ ಮರದ ಕಂಬಗಳಿವೆ. ಅವುಗಳ ಮೇಲೆ ಕೆತ್ತಿರುವ ನವನಾರೀಕುಂಜರ, ಪಂಚನಾರೀತುರಗಗಳು ಪ್ರಸಿದ್ಧವಾದವು. ದೂರದಿಂದ ಕಾಣುವುದು ಆನೆ. ಹತ್ತಿರ ಹೋಗಿ ನೋಡಿದರೆ ಒಂಬತ್ತು ಮಂದಿ ಹೆಣ್ಣುಗಳು ಬಾಗಿ, ಬಳುಕಿ, ಒಬ್ಬರನ್ನೊಬ್ಬರು ಹೊತ್ತು ಆ ಆನೆಯ ಕಾಲು, ಸೊಂಡಿಲು, ಬೆನ್ನುಗಳಾಗಿದ್ದಾರೆ. ಐವರು ಸೇರಿ ಕುದುರೆಯಾಗಿದ್ದಾರೆ. ಕೆತ್ತಿದವನ ಕೈಚಳಕಕ್ಕೆ ತಲೆದೂಗದವರಿಲ್ಲ. ಆದರೆ ನೋಡುವವನ ಸಂತೋಷ ಯಾವುದರಲ್ಲಿದೆ, ಆನೆಯಲ್ಲಿಯೋ ಹೆಣ್ಣುಗಳಲ್ಲಿಯೋ ಎಂದು ಕೇಳಿದರೆ ಉತ್ತರ ಸುಲಭವಲ್ಲ. ಧೀರಸ್ತ್ರೀಯರನ್ನು ಕುರಿತ ಚಾರಿತ್ರಿಕ ಕಾದಂಬರಿಗಳನ್ನು ಓದಿ ಸವಿಯುವವನ ಮುಂದೆಯೂ ಇದೇ ಪ್ರಶ್ನೆ ನಿಲ್ಲುತ್ತದೆ. ನಾಡಿನ ಅಭಿಮಾನ, ಮತದ ಅಭಿಮಾನ, ವಂಶದ ಕೀರ್ತಿ ಎಂಬ ಆನೆ ಕಣ್ಣು ತುಂಬಿದಾಗ, ಅದನ್ನು ಹೊತ್ತ ಹೆಣ್ಣಿನ ಮುಖ ಓದುಗನಿಗೆ ಎಷ್ಟು ಮಟ್ಟಿಗೆ ಕಂಡಿತು?

ವೀರರಸಕ್ಕೆ ಸ್ಥಾಯಿ ಉತ್ಸಾಹವೆಂಬುದು ಆಲಂಕಾರಿಕರ ಮತ. ಯುದ್ಧವೀರ, ದಾನವೀರ, ದಯಾವೀರ, ಧರ್ಮವೀರ ಎಂದು ಅದರ ಭೇದಗಳನ್ನೂ ಹೇಳುತ್ತಾರೆ. ಧೃತಿಯಾದರೋ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಒಂದು ಮಾತ್ರ, ಬಂದು ಹೋಗುವಂಥದು. ಪ್ರಾಪ್ತವಾದುದನ್ನು ಸಮಾಧಾನದಿಂದ ಅನುಭವಿಸುವುದು, ಕಳೆದುಹೋದುದಕ್ಕೆ ಶೋಕಿಸದಿರುವುದು ಅದರ ಅನುಭಾವವೆಂದು ಭರತನು ಹೇಳಿದ್ದಾನೆ. ಕನ್ನಡದ ಚಾರಿತ್ರಿಕ ಕಾದಂಬರಿಗಳ ಹೆಣ್ಣುಗಳ ವಿಷಯದಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಅವರ ಬಾಳಿನಲ್ಲಿ ಉತ್ಸಾಹವು ಸಂಚಾರಿ, ಧೃತಿಯೇ ಸ್ಥಾಯಿ. ಖಡ್ಗವನ್ನು ಹಿಡಿದದ್ದು ಒಂದು ದಿನ ಅಥವಾ ಒಂದು ತಿಂಗಳು. ತಾಳಿ ನಿಂತದ್ದು ಇಪ್ಪತ್ತು ವರ್ಷ, ಐವತ್ತು ವರ್ಷ. ಒಂದು ದಿನದ ಉತ್ಸಾಹವನ್ನೇ ನೆಚ್ಚಿ ಬರೆದ ಕಾದಂಬರಿ ಓದುಗನನ್ನು ಕ್ಷಣಕಾಲ ರೋಮಾಂಚನಗೊಳಿಸಿ ಬಿಟ್ಟುಬಿಡುತ್ತದೆ. ತಾಳ್ಮೆಯ ವರ್ಷಗಳನ್ನು ಬರೆಯುವುದೇ ಕಠಿನ.

ತ.ರಾ.ಸು. ಅವರ ‘ದುರ್ಗಾಸ್ತಮಾನ’ (1982) ಚಿತ್ರದುರ್ಗದ ಅವಸಾನದ ಕಥೆ. ಲೇಖಕರ ನಿಧನಾನಂತರ 1985ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಸಾಮಾನ್ಯ ಓದುಗನು ಅದರಲ್ಲಿ ಮೊದಲು ಹುಡುಕುವುದು ಒನಕೆ ಓಬವ್ವನನ್ನು. 1972ರ ‘ನಾಗರಹಾವು’ ಚಲನಚಿತ್ರ ಅವಳನ್ನು ನಾಡಿನ ಮನೆಮನೆಗೆ ಮುಟ್ಟಿಸಿತ್ತು. ಓಬವ್ವನ ಪ್ರಸಂಗ ಮನಸ್ಸನ್ನು ಹಿಡಿಯುವುದು ಅವಳು ಕೊಂದ ಶತ್ರುಗಳ ಸಂಖ್ಯೆಯಿಂದಲ್ಲ. ಊಟಕ್ಕೆ ಕುಳಿತ ಗಂಡ, ನೀರಿಗೆ ಹೊರಟ ಹೆಂಡತಿ, ಕೈಗೆ ಸಿಕ್ಕ ಮನೆಯ ಒನಕೆ, ಈ ಮೂರರಿಂದ ಅದು ಹಿಡಿಯುತ್ತದೆ. ಮನೆಯ ಕೆಲಸವೂ ಕೋಟೆಯ ಕೆಲಸವೂ ಅಲ್ಲಿ ಒಂದೇ ಆಗಿಬಿಡುತ್ತವೆ. ಆದರೆ ಅಷ್ಟರಲ್ಲಿ ಅವಳ ಕಥೆ ಮುಗಿಯಿತು. ದುರ್ಗದ ಕಾದಂಬರಿಯಲ್ಲಿ ಧೃತಿಗೆ ನಿಜವಾದ ಆಶ್ರಯ ಅರಮನೆಯ ಹಿರಿಯ ನಾಗತಿಯರು. ಪಟ್ಟಕ್ಕೆ ಯಾರು, ಪ್ರಧಾನಿ ಯಾರು, ಮನೆಯೊಳಗಿನ ಒಡಕನ್ನು ಹೊರಗೆ ತೋರದಂತೆ ಮುಚ್ಚುವುದು ಹೇಗೆ ಎಂಬ ಚಿಂತೆಯಲ್ಲಿ ಅವರ ಇರುಳುಗಳು ಕಳೆಯುತ್ತವೆ. ಓಬವ್ವನನ್ನು ಕೊಂಡಾಡಿ ನಾಗತಿಯರನ್ನು ಮರೆಯುವ ಓದು ಅರ್ಧ ಓದು.

ಕಿತ್ತೂರಿನ ಚೆನ್ನಮ್ಮನ ಮಾತೂ ಹೀಗೆಯೇ. 1824ರ ಅಕ್ಟೋಬರ್ 23ರಂದು ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಸತ್ತನು. 1961ರ ಚಲನಚಿತ್ರ, ನಾಟಕ, ಲಾವಣಿಗಳೆಲ್ಲ ಆ ದಿನದ ಸುತ್ತ ಸುತ್ತುತ್ತವೆ. ಯುದ್ಧಕ್ಕೆ ಮೊದಲು ದತ್ತುಪುತ್ರನ ಹಕ್ಕಿಗಾಗಿ ಕಂಪನಿಯ ಅಧಿಕಾರಿಗಳಿಗೆ ಅವಳು ಬರೆಯಿಸಿದ ಪತ್ರಗಳೂ, ಸೋಲಿನ ಅನಂತರ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರವರಿಯವರೆಗೆ ಕಳೆದ ವರ್ಷಗಳೂ ರಂಗಸ್ಥಳಕ್ಕೆ ಒಗ್ಗುವ ವಸ್ತುವಲ್ಲ. ಕಾದಂಬರಿಗೆ ಒಗ್ಗುವುದು ಅದೇ. ರಂಗದ ಮೇಲೆ ಗರ್ಜಿಸುವ ಚೆನ್ನಮ್ಮನಿಗಿಂತ, ಉತ್ತರ ಬಾರದ ಪತ್ರಕ್ಕೆ ಮತ್ತೊಂದು ಪತ್ರವನ್ನು ಬರೆಯಿಸುತ್ತ ಕುಳಿತ ಚೆನ್ನಮ್ಮ ಹೆಚ್ಚು ಗಂಭೀರಳು.

ಶಾಂತಲೆಯ ವಿಷಯದಲ್ಲಿ ಕನ್ನಡಕ್ಕೆ ಎರಡು ಪ್ರಸಿದ್ಧ ಕಾದಂಬರಿಗಳು ದೊರೆತಿವೆ. ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಒಂದು ತಲೆಮಾರನ್ನೇ ಅಳಿಸಿದ ಪುಸ್ತಕ. ತ್ಯಾಗದಲ್ಲಿಯೇ ಅವಳ ಹಿರಿಮೆಯನ್ನು ಕಂಡದ್ದು. ಸಿ.ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲದೇವಿ’ ನಾಲ್ಕು ಸಂಪುಟಗಳ ಬೃಹತ್ಕೃತಿ, ಶಾಸನಗಳನ್ನು ಅಡಿಗಲ್ಲಾಗಿಸಿಕೊಂಡದ್ದು. ಅದಕ್ಕೆ 1983ರಲ್ಲಿ ಮೂರ್ತಿದೇವಿ ಪ್ರಶಸ್ತಿ ಸಂದಿತು. ಕಥನದ ವೇಗ ಮೊದಲನೆಯದರಲ್ಲಿ ಹೆಚ್ಚು. ಎರಡನೆಯದರಲ್ಲಿ ಚರ್ಚೆಗಳು ಹಲವೆಡೆ ಭಾರವಾಗಿ ಓದುಗನ ತಾಳ್ಮೆಯನ್ನೇ ಪರೀಕ್ಷಿಸುತ್ತವೆ. ಆದರೂ ಹೆಣ್ಣಿನ ಹಿರಿಮೆ ಅವಳ ಸಾವಿನಲ್ಲಿಲ್ಲ, ಬದುಕಿನ ನಡೆಯಲ್ಲಿದೆ ಎಂಬ ನಂಬಿಕೆಯಿಂದ ಎರಡನೆಯದು ಹೊರಟಿದೆ. ಆ ಭಾರವನ್ನು ಹೊರಲು ಸಿದ್ಧನಾದ ಓದುಗನಿಗೆ ಫಲ ಸಿಕ್ಕದೆ ಹೋಗದು.

ಈಗ ಮತ್ತೆ ತುಳುನಾಡಿಗೆ ಬರಬೇಕು. ಅಬ್ಬಕ್ಕನ ಹೆಸರಿನಲ್ಲಿ ಉಳ್ಳಾಲದಲ್ಲಿ ಉತ್ಸವ ನಡೆಯುತ್ತದೆ. ಬಂಟ್ವಾಳದಲ್ಲಿ ಅವಳ ಹೆಸರಿನ ತುಳು ಅಧ್ಯಯನ ಕೇಂದ್ರವಿದೆ. 2012ರಲ್ಲಿ ಭಾರತದ ಕರಾವಳಿ ರಕ್ಷಣಾ ಪಡೆ ತನ್ನ ಒಂದು ಹಡಗಿಗೆ ಅವಳ ಹೆಸರಿಟ್ಟಿತು. ಜನರ ಬಾಯಲ್ಲಿ ಅಬ್ಬಕ್ಕ ಒಬ್ಬಳೇ. ಪೋರ್ಚುಗೀಸರು ಉಳ್ಳಾಲದ ಮೇಲೆ ಬಿದ್ದದ್ದು 1555ರಲ್ಲಿ, ಮತ್ತೆ 1568ರ ಸುಮಾರಿಗೆ. ಇಟಲಿಯ ಪ್ರವಾಸಿ ಪಿಯೆತ್ರೋ ಡೆಲ್ಲಾ ವಾಲೆ ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡದ್ದು 1623ರಲ್ಲಿ. ಅವನ ಕಣ್ಣಿಗೆ ಅವಳ ವಯಸ್ಸು ನಲವತ್ತರ ಆಸುಪಾಸು. ನಲವತ್ತರ ರಾಣಿ ತಾನು ಹುಟ್ಟುವ ಮೊದಲೇ ಯುದ್ಧ ಮಾಡಿರಲಾರಳು. ಅಂದಮೇಲೆ ಅಬ್ಬಕ್ಕ ಎಂಬ ಒಂದು ಹೆಸರಿನ ಅಡಿಯಲ್ಲಿ ಒಂದಕ್ಕಿಂತ ಹೆಚ್ಚು ತಲೆಮಾರಿನ ಹೆಣ್ಣುಗಳು ನಿಂತಿದ್ದಾರೆ. ನವನಾರೀಕುಂಜರದ ಮಾತು ಇಲ್ಲಿ ಅಕ್ಷರಶಃ ನಿಜ.

ಇತಿಹಾಸಕಾರನು ಈ ಹೆಣ್ಣುಗಳನ್ನು ಬಿಡಿಸಿ ತೋರಿಸಬೇಕು. ಅದು ಅವನ ಧರ್ಮ. ಕಾದಂಬರಿಕಾರನಿಗೆ ಅವರನ್ನು ಒಂದುಗೂಡಿಸುವ ಸ್ವಾತಂತ್ರ್ಯವುಂಟು. ಆದರೆ ಒಂದುಗೂಡಿಸಿದಾಗ ಕಳೆದುಕೊಳ್ಳುವುದೇನು ಎಂಬುದನ್ನು ಅವನು ತಿಳಿದಿರಬೇಕು. ತಾಯಿಯಿಂದ ಮಗಳಿಗೆ ಒಂದು ಹಗೆತನ, ಒಂದು ಹೊಣೆ, ಒಂದು ಹಟ ಹೇಗೆ ಇಳಿದುಬಂದಿತು ಎಂಬುದೇ ಅಳಿಯಸಂತಾನದ ನಾಡಿನಲ್ಲಿ ಹೇಳಬೇಕಾದ ಕಥೆ. ಒಬ್ಬಳೇ ರಾಣಿ ಎಪ್ಪತ್ತು ವರ್ಷ ಕತ್ತಿ ಹಿಡಿದು ನಿಂತಳೆಂದರೆ ಆ ಕಥೆ ಕೈಬಿಟ್ಟುಹೋಗುತ್ತದೆ.

ಡೆಲ್ಲಾ ವಾಲೆ ಬರೆದಿಟ್ಟ ಚಿತ್ರವನ್ನು ಅಬ್ಬಕ್ಕನ ಅಭಿಮಾನಿಗಳೇ ಅಷ್ಟಾಗಿ ಮೆಚ್ಚಿಕೊಂಡಂತೆ ತೋರುವುದಿಲ್ಲ. ಮಣೇಲಿನಲ್ಲಿ ಅವನು ಅವಳನ್ನು ಕಂಡದ್ದು ಸಿಂಹಾಸನದ ಮೇಲಲ್ಲ, ದಾರಿಯಲ್ಲಿ. ಗದ್ದೆಗಳಿಗೆ ನೀರು ಹಾಯಿಸಲು ಅವಳು ಕಾಲುವೆಗಳನ್ನು ತೋಡಿಸುತ್ತಿದ್ದಳು. ಆ ಕೆಲಸವನ್ನು ನೋಡಲು ಬರಿಗಾಲಿನಲ್ಲಿ ನಡೆದು ಬರುತ್ತಿದ್ದಳು. ಮೈಮೇಲೆ ಸಾಮಾನ್ಯ ಬಟ್ಟೆ, ತಲೆಯ ಮೇಲೆ ಸೇವಕನು ಹಿಡಿದ ಓಲೆಯ ಕೊಡೆ. ಮೈಬಣ್ಣ ಕಪ್ಪು, ಮೈಕಟ್ಟು ತೋರ. ರೋಮಾಪುರಿಯ ಆ ಶ್ರೀಮಂತನಿಗೆ ನೋಟಮಾತ್ರದಿಂದ ಅವಳು ಅಡಿಗೆಯ ಕೆಲಸದವಳಂತೆ ಕಂಡಳು. ಆದರೆ ಅವಳು ಬಾಯಿ ತೆರೆದು ಮಾತಾಡಿದ ಕೂಡಲೆ ಅವನ ಅಭಿಪ್ರಾಯ ಬದಲಾಯಿತು; ದನಿಯಲ್ಲಿ ಘನತೆ, ಮಾತಿನಲ್ಲಿ ವಿವೇಕ ಕಂಡು ಇವಳು ರಾಣಿಯೇ ಸರಿ ಎಂದುಕೊಂಡನು. ಹಗಲೆಲ್ಲ ಈ ಕೆಲಸಗಳ ಮೇಲ್ವಿಚಾರಣೆಯಲ್ಲಿ ಕಳೆದು ನ್ಯಾಯತೀರ್ಮಾನವನ್ನು ಇರುಳಿಗೆ ಇಟ್ಟುಕೊಳ್ಳುವ ಅರಸಿ ಅವಳು.

ಕುದುರೆಯ ಮೇಲೆ ಕತ್ತಿ ಝಳಪಿಸುವ ಅಬ್ಬಕ್ಕನ ಪ್ರತಿಮೆಗಿಂತ ಈ ಬರಿಗಾಲಿನ ರಾಣಿ ದೊಡ್ಡವಳು ಎಂದರೆ ಕೆಲವರಿಗೆ ಕಹಿಯಾದೀತು. ಆದರೆ ಯುದ್ಧವನ್ನು ಯಾರೂ ಗೆಲ್ಲಬಹುದು. ಯುದ್ಧದ ಮರುವರ್ಷ ಗದ್ದೆಗೆ ನೀರು ಬರುವಂತೆ ನೋಡಿಕೊಳ್ಳುವವರು ಅಪರೂಪ. ಧೃತಿ ಸ್ಥಾಯಿಯಾದದ್ದು ಅಲ್ಲಿ. ಕೆಸರು ಮೆಟ್ಟಿದ ಆ ಪಾದಗಳನ್ನು ತೊಳೆದು ಗೆಜ್ಜೆ ತೊಡಿಸಿದರೆ ಚರಿತ್ರೆಗೂ ನಷ್ಟ, ಕಾದಂಬರಿಗೂ ನಷ್ಟ.

ಇದೇ ರಾಣಿ ತನ್ನ ಪತಿಯಾದ ಬಂಗರಸನಿಂದ ಬೇರೆಯಾಗಿ ಅವನ ಒಡವೆಗಳನ್ನು ಹಿಂದಿರುಗಿಸಿದ ಕಥೆಯನ್ನೂ ಪ್ರವಾಸಿ ದಾಖಲಿಸಿದ್ದಾನೆ. ಘಟ್ಟದ ಮೇಲಿನ ಓದುಗನಿಗೆ ಇದು ಸಾಹಸವೆನಿಸುತ್ತದೆ. ತುಳುವ ಓದುಗನಿಗೆ ಸಿರಿಯ ನೆನಪು ಬರುತ್ತದೆ. ತನ್ನ ಮಾನಕ್ಕೆ ಕುಂದು ತಂದ ಕಾಂತು ಪೂಂಜನ ಮನೆಯನ್ನು ಬಿಟ್ಟು ಮಗುವನ್ನು ಎತ್ತಿಕೊಂಡು ಹೊರಟ ಸಿರಿಯ ಪಾಡ್ದನವನ್ನು ಬೆಳ್ತಂಗಡಿ ಸೀಮೆಯ ಮಾಚಾರಿನ ಗೋಪಾಲ ನಾಯ್ಕರು ಹಾಡಿದಾಗ, ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಮತ್ತು ಕನ್ನಡದ ವಿದ್ವಾಂಸರು ಅದನ್ನು 1990ರಲ್ಲಿ ಧ್ವನಿಮುದ್ರಿಸಿಕೊಂಡರು. 1998ರಲ್ಲಿ ಪ್ರಕಟವಾದ ಆ ಕಾವ್ಯದ ಸಾಲುಗಳು 15,683. ಚಾರಿತ್ರಿಕ ಕಾದಂಬರಿ ಹುಟ್ಟುವುದಕ್ಕೆ ಬಹುಕಾಲ ಮೊದಲೇ, ಬೆಳುವಾಯಿಯ ಆಚೀಚೆಯ ಗದ್ದೆಗಳ ನೇಜಿಯ ಸಾಲಿನಲ್ಲಿ, ಧೀರಸ್ತ್ರೀಯ ಕಥೆಯನ್ನು ಸವಿಯುವ ಪರಿಪಾಟ ಇತ್ತು. ಹಾಡಿದವರೂ ಹೆಣ್ಣುಗಳೇ, ಕೇಳಿದವರೂ ಹೆಣ್ಣುಗಳೇ.

ಡೆಲ್ಲಾ ವಾಲೆಯ ಅದೇ 1623ರ ಪ್ರಯಾಣದ ಆರಂಭಕ್ಕೆ ಹೋದರೆ ಇನ್ನೊಬ್ಬ ರಾಣಿಯ ನೆರಳು ಕಾಣುತ್ತದೆ. ಕೆಳದಿಯ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಹೊರಟ ಪೋರ್ಚುಗೀಸ್ ರಾಯಭಾರದ ಜತೆಯಲ್ಲಿ ಅವನು ಹೊನ್ನಾವರದಿಂದ ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆಗೆ ಬಂದನು. ಒಂದು ಕಾಲಕ್ಕೆ ರಾಣಿಯ ರಾಜಧಾನಿಯಾಗಿದ್ದ ಆ ನಗರವೂ ಅರಮನೆಯೂ ಬಿದ್ದುಹೋಗಿ ಕಾಡು ಬೆಳೆದಿತ್ತು. ರಾಜ್ಯ ಹೋದುದು ಹೇಗೆಂದು ಕೇಳಿದಾಗ ಅವನ ಕಿವಿಗೆ ಬಿದ್ದ ಕಥೆ ಇದು: ರಾಣಿ ಪರಸ್ಥಳದ ಒಬ್ಬ ಸಾಮಾನ್ಯನಲ್ಲಿ ಮೋಹಗೊಂಡು ಅವನಿಗೆ ಅಧಿಕಾರವನ್ನೊಪ್ಪಿಸಿದಳು, ಅವನು ಎದುರು ಬಿದ್ದನು, ಕೊನೆಗೆ ವೆಂಕಟಪ್ಪನಾಯಕನು ರಾಜ್ಯವನ್ನು ನುಂಗಿದನು.

ಆ ರಾಣಿ ಸಾಳುವ ವಂಶದ ಚೆನ್ನಭೈರಾದೇವಿ. 1552ರಿಂದ 1606ರವರೆಗೆ, ಅರ್ಧ ಶತಮಾನಕ್ಕೂ ಮೀರಿ ಆಳಿದವಳು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದು ಕರೆದರು. ಐವತ್ತನಾಲ್ಕು ವರ್ಷ ಆ ಕಡಲ ವ್ಯಾಪಾರಿಗಳೊಡನೆ ಕೆಲವೊಮ್ಮೆ ಕಾದಾಡಿ, ಕೆಲವೊಮ್ಮೆ ಒಪ್ಪಂದ ಮಾಡಿಕೊಂಡು ರಾಜ್ಯವನ್ನು ಉಳಿಸಿಕೊಂಡವಳ ಚರಿತ್ರೆ, ಅವಳು ಸೋತ ಹದಿನೇಳು ವರ್ಷಗಳಲ್ಲಿ ಒಂದು ಮೋಹದ ಕಥೆಗೆ ಇಳಿದಿತ್ತು. ಹೇಳಿದವರು ಗೆದ್ದವರ ರಾಜ್ಯದ ಜನ ಎಂಬುದನ್ನು ಮರೆಯಬಾರದು. ಉಳ್ಳಾಲದ ರಾಣಿಯನ್ನು ಆ ಪ್ರವಾಸಿ ಕಣ್ಣಿನಿಂದ ಕಂಡನು, ಗೇರುಸೊಪ್ಪೆಯ ರಾಣಿಯನ್ನು ಕಿವಿಯಿಂದ ಕೇಳಿದನು. ಅಷ್ಟೇ ವ್ಯತ್ಯಾಸ.

ಈ ಎರಡು ಘಟನೆಗಳನ್ನು ಜತೆಗಿಟ್ಟು ನೋಡಿದರೆ ವೀರಶೈವ ಓದುಗನಿಗೆ ಒಂದು ಇಕ್ಕಟ್ಟು ಎದುರಾಗುತ್ತದೆ. ವೆಂಕಟಪ್ಪನಾಯಕನು ಕೆಳದಿಯ ಅರಸರಲ್ಲಿ ಅಗ್ರಗಣ್ಯ, ಶಿವಭಕ್ತ. ಉಳ್ಳಾಲದ ರಾಣಿ ಬಂಗರಸನಿಂದಲೂ ಪೋರ್ಚುಗೀಸರಿಂದಲೂ ತೊಂದರೆಗೊಳಗಾದಾಗ ಅವಳ ಬೆಂಬಲಕ್ಕೆ ಸೈನ್ಯ ಕಳುಹಿಸಿ ಪೋರ್ಚುಗೀಸರನ್ನು ಸೋಲಿಸಿದವನು ಅವನೇ. ಗೇರುಸೊಪ್ಪೆಯ ರಾಣಿಯ ರಾಜ್ಯವನ್ನು ಕಿತ್ತುಕೊಂಡವನೂ ಅವನೇ. ಅವಳು ಕೊನೆಯ ದಿನಗಳನ್ನು ಕೆಳದಿಯವರ ಸೆರೆಯಲ್ಲಿ ಕಳೆದಳೆಂದು ಪ್ರತೀತಿ. ಒಬ್ಬ ಜೈನ ರಾಣಿಗೆ ರಕ್ಷಕ, ಇನ್ನೊಬ್ಬ ಜೈನ ರಾಣಿಗೆ ಅಂತಕ. ಮೊದಲನೆಯ ಕಥೆಯನ್ನು ಓದಿ ಹಿಗ್ಗುವವನು ಎರಡನೆಯದನ್ನು ಓದುವಾಗ ಯಾರ ಪಕ್ಷ ವಹಿಸಬೇಕು?

ಅಭಿನವಗುಪ್ತನು ಎಣಿಸಿದ ಏಳು ರಸವಿಘ್ನಗಳಲ್ಲಿ ಇದು ತನ್ನದು, ಇದು ಪರರದು ಎಂಬ ದೇಶಕಾಲವಿಶೇಷದ ಆವೇಶವೂ ಒಂದು. ಆ ಆವೇಶ ಕಳೆಯದೆ ಸಾಧಾರಣೀಕರಣವಿಲ್ಲ, ಅದಿಲ್ಲದೆ ರಸವಿಲ್ಲ. ಚಾರಿತ್ರಿಕ ಕಾದಂಬರಿಗೆ ಈ ವಿಘ್ನ ಹೆಚ್ಚಾಗಿ ಕಾಡುತ್ತದೆ. ದುಷ್ಯಂತನು ತಮ್ಮವನೆಂದು ಯಾರೂ ಜಗಳ ತೆಗೆಯುವುದಿಲ್ಲ, ಕೆಳದಿಯವನಾದರೆ ತೆಗೆಯುತ್ತಾರೆ.

ಈ ಮಾತಿಗೆ ಮಾಸ್ತಿಯವರ ‘ಚನ್ನಬಸವನಾಯಕ’ ನಿದರ್ಶನ. ‘ಚಿಕವೀರ ರಾಜೇಂದ್ರ’ಕ್ಕಿಂತ ಮೊದಲು ಬರೆದ ಆ ಕಾದಂಬರಿಯಲ್ಲಿ ಮಾಸ್ತಿಯವರು ಬಿದನೂರಿನ ರಾಣಿ ವೀರಮ್ಮಾಜಿಯನ್ನೂ ನಿಂಬಯ್ಯನನ್ನೂ ಜನಜನಿತವಾದ ಅಪವಾದದ ಜಾಡಿನಲ್ಲಿಯೇ ಚಿತ್ರಿಸಿದರು. ವೀರಶೈವ ವಲಯದಲ್ಲಿ ಇದು ಅಸಮಾಧಾನಕ್ಕೆ ಕಾರಣವಾಯಿತು. ಅಸಮಾಧಾನ ನಿರಾಧಾರವಾದುದಲ್ಲ. ಪತಿ ತೀರಿಕೊಂಡ ಮೇಲೆ ರಾಜ್ಯದ ಹೊರೆಯನ್ನು ಹೊತ್ತು, 1763ರಲ್ಲಿ ಹೈದರಾಲಿಗೆ ಬಿದನೂರನ್ನು ಕಳೆದುಕೊಂಡು, ಮಧುಗಿರಿಯ ಸೆರೆಯಲ್ಲಿ ಕೊರಗಿ, 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯದಿಂದ ಬಿಡುಗಡೆ ಹೊಂದಿ, ಪುಣೆಯ ದಾರಿಯಲ್ಲಿಯೇ ಪ್ರಾಣ ಬಿಟ್ಟ ಹೆಣ್ಣಿಗೆ ಅಪವಾದದ ಆಚೆಗೂ ಒಂದು ಬಾಳಿತ್ತು. ಮಾಸ್ತಿಯವರು ಪಾತ್ರವನ್ನು ಕ್ಷುದ್ರವಾಗಿ ಬರೆದವರಲ್ಲ. ಅವರ ಲೇಖನಿಗೆ ಆ ಗುಣವೇ ಇಲ್ಲ. ಆದರೆ ರಾಜ್ಯದ ನಾಶಕ್ಕೆ ಕಾರಣವನ್ನು ರಾಣಿಯ ಅಂತಃಪುರದಲ್ಲಿ ಹುಡುಕಿದ್ದು ಅವರ ಕಾದಂಬರಿಯ ಮಿತಿ. ಹೈದರನ ಬಲ, ದತ್ತುವಿನ ತಗಾದೆ, ಬಿದನೂರಿನ ಖಜಾನೆಯ ಆಕರ್ಷಣೆ ಇವೆಲ್ಲ ಆ ಒಂದು ಕಾರಣದ ಹಿಂದೆ ಮಸುಕಾಗುತ್ತವೆ.

ಇಲ್ಲೊಂದು ವಿಚಿತ್ರವನ್ನು ಗಮನಿಸಬಹುದು. ಹೆಣ್ಣು ಆಳುವ ರಾಜ್ಯ ಬಿದ್ದರೆ ಅವಳ ಸಂಗಾತಿಯಾದ ಗಂಡಸಿನ ಕಥೆ ಹುಟ್ಟುತ್ತದೆ. ಗಂಡು ಆಳುವ ರಾಜ್ಯ ಕೆಟ್ಟರೆ ಅಲ್ಲಿಯೂ ಒಬ್ಬ ಹೆಣ್ಣಿನ ಕಥೆಯೇ ಹುಟ್ಟುತ್ತದೆ. ಕೆಳದಿಯ ಸೋಮಶೇಖರನಾಯಕನ ಅವನತಿಗೆ ನರ್ತಕಿ ಕಳಾವತಿ ಕಾರಣಳೆಂದು ಹೇಳುವಂತೆ. ಜನವಾಣಿಯ ಈ ಅಭ್ಯಾಸವನ್ನು ಕಾದಂಬರಿಕಾರನು ತನಿಖೆಗೆ ಒಳಪಡಿಸಬೇಕೇ ಹೊರತು ಅದಕ್ಕೆ ಅಂಕಿತ ಹಾಕಬಾರದು.

ವೀರಮ್ಮಾಜಿಗಾಗಿ ನೊಂದ ಓದುಗನ ಕೈಗೆ ಈಗ ಗಜಾನನ ಶರ್ಮರ ‘ಚೆನ್ನಭೈರಾದೇವಿ’ (2021) ಬಂದಿದೆ. ಶರಾವತಿಯ ಕಣಿವೆಯನ್ನೂ ಅಲ್ಲಿ ಮುಳುಗಿದ ಬದುಕನ್ನೂ ‘ಪುನರ್ವಸು’ವಿನಲ್ಲಿ ಬರೆದ ಲೇಖಕರು ಅದೇ ನದಿಯ ಕೆಳದಂಡೆಯ ರಾಣಿಯನ್ನು ಎತ್ತಿಕೊಂಡದ್ದು ಸಹಜವೇ. ಕರಿಮೆಣಸಿನ ರಾಣಿಯ ಅಕಳಂಕ ಚರಿತೆ ಎಂದು ಅದಕ್ಕೆ ಉಪಶೀರ್ಷಿಕೆ. ಆ ಉಪಶೀರ್ಷಿಕೆಯ ಎರಡು ಪದಗಳನ್ನು ಬೇರೆಬೇರೆಯಾಗಿ ತೂಗಬೇಕು.

ಕರಿಮೆಣಸು ಎಂಬುದು ಕಾದಂಬರಿಗೆ ದೊರೆತ ದೊಡ್ಡ ವರ. ಮೆಣಸಿನ ಬಳ್ಳಿ ಮರಕ್ಕೆ ಹಬ್ಬಿ ಫಲಕ್ಕೆ ಬರುವುದಕ್ಕೆ ವರ್ಷಗಳು ಬೇಕು. ಕಾಳು ಕೊಯ್ದು ಒಣಗಿಸಬೇಕು. ಘಟ್ಟದಿಂದ ಹೊಳೆಗೆ, ಹೊಳೆಯಿಂದ ಬಂದರಿಗೆ ಇಳಿಸಬೇಕು. ಕೊಳ್ಳುವವನು ಫಿರಂಗಿಯುಳ್ಳವನಾದರೂ ಬೆಲೆಯನ್ನು ಬಿಡಬಾರದು. ಇದರ ಹಿಂದೆ ಬೆಳೆಗಾರ, ಹೊರೆಯಾಳು, ದೋಣಿಯವ, ಸೆಟ್ಟಿ, ಸುಂಕದವ ಎಲ್ಲರೂ ಇದ್ದಾರೆ. ಇವರೆಲ್ಲರನ್ನೂ ಐವತ್ತು ವರ್ಷ ಒಂದು ಸೂತ್ರದಲ್ಲಿ ಹಿಡಿದಿಟ್ಟವಳ ಬುದ್ಧಿಯನ್ನು ಕಾಣಿಸಲು ಯುದ್ಧದ ವರ್ಣನೆ ಬೇಕಾಗುವುದಿಲ್ಲ. ಮಣೇಲಿನ ರಾಣಿಗೆ ಕಾಲುವೆಯಂತೆ ಗೇರುಸೊಪ್ಪೆಯ ರಾಣಿಗೆ ಮೆಣಸು. ವಸ್ತುವಿನ ಈ ಆಯ್ಕೆಯಿಂದಲೇ ಈ ಕೃತಿ ಖಡ್ಗಧಾರಿಣಿಯರ ಕಥೆಗಳ ಸಾಲಿನಿಂದ ಬೇರೆಯಾಗಿ ನಿಲ್ಲುತ್ತದೆ.

ಅಕಳಂಕ ಎಂಬ ಪದವನ್ನು ಮಾತ್ರ ಅಷ್ಟೇ ನಿಶ್ಚಿಂತೆಯಿಂದ ಒಪ್ಪಲಾಗುವುದಿಲ್ಲ. ಡೆಲ್ಲಾ ವಾಲೆ ಕೇಳಿದ ಮೋಹದ ಕಥೆಗೆ ಅದು ಉತ್ತರವೆಂಬುದು ಸ್ಪಷ್ಟ. ನಾಲ್ಕು ಶತಮಾನ ಕಳಂಕ ಹೊತ್ತವಳಿಗೆ ಈ ಉತ್ತರ ಸಲ್ಲಬೇಕಾದದ್ದೇ. ಆದರೂ ರಾಣಿಯನ್ನು ಗೌರವಿಸುವುದಕ್ಕೆ ಅವಳು ನಿಷ್ಕಳಂಕಳಾಗಿರಲೇಬೇಕೇ? ರಾಜರ ವಿಷಯದಲ್ಲಿ ಈ ಷರತ್ತನ್ನು ಯಾರೂ ಹಾಕುವುದಿಲ್ಲ. ತಪ್ಪು ಲೆಕ್ಕ ಹಾಕಿದ, ತಪ್ಪು ಮನುಷ್ಯನನ್ನು ನಂಬಿದ, ಒಂದು ಸಂಧಾನದಲ್ಲಿ ಹೆಚ್ಚು ಬಿಟ್ಟುಕೊಟ್ಟ ರಾಣಿಯನ್ನೂ ಪ್ರೀತಿಸುವಂತೆ ಮಾಡುವುದು ಕಾದಂಬರಿಯ ಶಕ್ತಿ. ಶುದ್ಧಿಪತ್ರವನ್ನು ಕೊಟ್ಟು ಕಳುಹಿಸುವುದು ವಕೀಲನ ಕೆಲಸ.

ಇಂಥ ಕಾದಂಬರಿಯನ್ನು ಕೆಳದಿಯ ಅಭಿಮಾನಿಯು ಓದುವಾಗ ಅವನ ಮನಸ್ಸಿನಲ್ಲಿ ನಡೆಯಬೇಕಾದ ಕ್ರಿಯೆ ಸಣ್ಣದಲ್ಲ. ವೆಂಕಟಪ್ಪನಾಯಕನನ್ನು ಅವನು ಹೊರಗಿನಿಂದ, ಎದುರು ಪಾಳೆಯದ ಬತೇರಿಯ ಮೇಲಿನಿಂದ ನೋಡಬೇಕು. ತನ್ನವರ ಗೆಲುವು ಇನ್ನೊಬ್ಬರ ಮನೆಯ ದೀಪ ಆರಿದ ಗಳಿಗೆ ಎಂಬುದನ್ನು ಕಾಣಬೇಕು. ವೀರಮ್ಮಾಜಿಯ ಚಿತ್ರಣದಿಂದ ನೊಂದವನು ಚೆನ್ನಭೈರಾದೇವಿಗೂ ಅದೇ ಅಳತೆಗೋಲನ್ನು ಹಿಡಿಯದಿದ್ದರೆ ಅವನ ನೋವು ಹೆಣ್ಣಿನ ಮಾನಕ್ಕಾಗಿ ಅಲ್ಲ, ಪಂಗಡದ ಮಾನಕ್ಕಾಗಿ ಎಂದಾಗುತ್ತದೆ. ಇದು ಜೈನ ಓದುಗನಿಗೂ ಅನ್ವಯಿಸುವ ಮಾತು. ವೀರಮ್ಮಾಜಿಯ ಸೆರೆಯ ಕಥೆಗೆ ಅವನ ಕಣ್ಣೂ ಒದ್ದೆಯಾಗಬೇಕು.

ಕೆಳದಿಯ ಪರಂಪರೆಯಲ್ಲಿಯೇ ಇಂಥ ಔದಾರ್ಯಕ್ಕೆ ಆಧಾರವಿಲ್ಲದೆ ಇಲ್ಲ. ಪತಿಯ ಕೊಲೆಯ ಅನಂತರ ಸುಮಾರು ಇಪ್ಪತ್ತೈದು ವರ್ಷ ರಾಜ್ಯವಾಳಿದ ಚೆನ್ನಮ್ಮಾಜಿ, 1689ರಲ್ಲಿ ಶಿವಾಜಿಯ ಮಗ ರಾಜಾರಾಮನು ಔರಂಗಜೇಬನ ಸೈನ್ಯಕ್ಕೆ ಸಿಕ್ಕದಂತೆ ಓಡಿಬಂದಾಗ ಅವನಿಗೆ ಆಶ್ರಯವಿತ್ತು ದಾಟಿಸಿದಳು; ಮೊಗಲರ ಸೈನ್ಯವನ್ನು ಎದುರಿಸಿದಳು. ಬಂದವನು ತನ್ನ ಮತದವನಲ್ಲ, ತನ್ನ ನಾಡಿನವನಲ್ಲ. ಮರಾಠರ ದಂಡಿನಿಂದ ಕೆಳದಿಗೆ ಹಿಂದೆ ತೊಂದರೆಯೂ ಆಗಿತ್ತು. ಈ ಪ್ರಸಂಗದಲ್ಲಿ ಜನ ಯುದ್ಧವನ್ನು ಕೊಂಡಾಡುತ್ತಾರೆ. ಕಾದಂಬರಿಕಾರನು ನಿಲ್ಲ��ೇಕಾದದ್ದು ಅದಕ್ಕೆ ಮೊದಲಿನ ಸಭೆಯಲ್ಲಿ, ಬೇಡವೆನ್ನುವ ಮಂತ್ರಿಗಳ ನಡುವೆ ರಾಣಿ ಕುಳಿತಿರಬಹುದಾದ ಕ್ಷಣದಲ್ಲಿ. ಅವಳ ದತ್ತುಪುತ್ರ ಬಸವಪ್ಪನಾಯಕನು 1709ರಲ್ಲಿ ‘ಶಿವತತ್ತ್ವರತ್ನಾಕರ’ವನ್ನು ರಚಿಸಿದನೆಂಬುದನ್ನು ನೆನೆದರೆ, ಆ ಅರಮನೆಯಲ್ಲಿ ಕತ್ತಿಗಿಂತ ಬೇರೆಯದಾದ ಶಿಕ್ಷಣವೂ ನಡೆದಿತ್ತೆಂದು ತಿಳಿಯುತ್ತದೆ.

ರಾಜ್ಯವನ್ನೇ ಬಿಟ್ಟು ನಡೆದವಳ ಕಥೆ ಇನ್ನೊಂದು ಬಗೆಯದು. ಎಚ್. ತಿಪ್ಪೇರುದ್ರಸ್ವಾಮಿಯವರ ‘ಕದಳಿಯ ಕರ್ಪೂರ’ ಅಕ್ಕಮಹಾದೇವಿಯನ್ನು ಕುರಿತದ್ದು. ಭಕ್ತರ ಮನೆಗಳಲ್ಲಿ ಪಾರಾಯಣದ ಗೌರವ ಪಡೆದದ್ದು. ಅಕ್ಕನ ವಿಷಯದಲ್ಲಿ ಕಾವ್ಯಪರಂಪರೆ ಕವಲೊಡೆದಿದೆ. ಹರಿಹರನ ರಗಳೆಯಲ್ಲಿ ಅವಳು ಕೌಶಿಕನನ್ನು ಷರತ್ತುಗಳೊಡನೆ ವರಿಸಿ ಅನಂತರ ತೊರೆಯುತ್ತಾಳೆ. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ವಿವಾಹವೇ ನಡೆಯುವುದಿಲ್ಲ. ಚಾಮರಸನ ಅಕ್ಕ ನಿರ್ಮಲೆ. ಹರಿಹರನ ಅಕ್ಕ ನಡೆದು ಬಂದ ದಾರಿ ಉದ್ದವಾದುದು. ಅರಮನೆಯಲ್ಲಿ ದಿನಗಳನ್ನು ತಳ್ಳಿ, ಒಂದೊಂದು ಷರತ್ತು ಮುರಿದಾಗಲೂ ತಾಳಿ, ಕೊನೆಗೆ ಹೊರಬಿದ್ದವಳು. ಭಕ್ತಿಗೆ ಇವೆರಡೂ ಸಲ್ಲುತ್ತವೆ. ಕಾದಂಬರಿಗೆ ಹರಿಹರನೇ ಹೆಚ್ಚು ಹತ್ತಿರದವನು. ಅಕಳಂಕ ಎಂಬ ಪದದ ಕುರಿತ ಮೇಲಿನ ಮಾತಿಗೆ ಹದಿಮೂರನೆಯ ಶತಮಾನದ ಈ ಶಿವಕವಿಯೇ ಸಾಕ್ಷಿ.

ಸಿಂಹಾಸನವೂ ಇಲ್ಲದ, ಅನುಭವ ಮಂಟಪವೂ ಇಲ್ಲದ ಹೆಣ್ಣಿಗೆ ಚರಿತ್ರೆಯೆಲ್ಲಿ ಎಂದು ಕೇಳುವವರಿಗೆ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಇದೆ. ಅದನ್ನು ಚಾರಿತ್ರಿಕ ಕಾದಂಬರಿಗಳ ಕಪಾಟಿನಲ್ಲಿ ಯಾವ ಗ್ರಂಥಪಾಲಕನೂ ಇಡುವುದಿಲ್ಲ. ಆದರೆ ಅದು ನಿಜವಾಗಿ ಬಾಳಿದ ಒಬ್ಬ ಮಲೆನಾಡಿನ ಬಾಲವಿಧವೆಯ ಕಥೆ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಇಪ್ಪತ್ತನೆಯ ಶತಮಾನದ ನಡುವಿನವರೆಗೆ ಚಾಚಿದ ಒಂದು ನೂರು ವರ್ಷದ ಚರಿತ್ರೆ. ತಲೆ ಬೋಳಿಸಿಕೊಂಡು, ಒಂದು ಹೊತ್ತು ಉಂಡು, ಊರವರ ಬಸಿರು ಬಾಣಂತನಗಳಿಗೆ ಆಸರೆಯಾಗಿ, ಹೆರಿಗೆಯ ಸಂಕಟದಲ್ಲಿದ್ದ ದಲಿತ ಹೆಣ್ಣಿಗೆ ಮಡಿಯನ್ನು ಬದಿಗಿಟ್ಟು ಕೈನೀಡಿದವಳು. ಅವಳ ಬಾಯಲ್ಲಿ ಒಂದು ವೀರವಚನವಿಲ್ಲ. ಧೃತಿಯ ಲಕ್ಷಣಕ್ಕೆ ಕನ್ನಡದಲ್ಲಿ ಇದಕ್ಕಿಂತ ಉತ್ತಮ ಲಕ್ಷ್ಯವನ್ನು ತೋರಿಸುವುದು ಕಷ್ಟ.

ಫಣಿಯಮ್ಮನ ಕಥೆ ಲೇಖಕಿಗೆ ದೊರೆತದ್ದು ಶಾಸನದಿಂದಲ್ಲ, ಪ್ರವಾಸಿಯ ಪತ್ರದಿಂದಲ್ಲ, ತಾಯಿಯ ಬಾಯಿಂದ. ಮನೆಯ ಒಬ್ಬ ಹೆಣ್ಣು ಇನ್ನೊಬ್ಬಳಿಗೆ ಹೇಳಿದ್ದು, ಕೇಳಿದವಳು ಮಗಳಿಗೆ ಹೇಳಿದ್ದು. ಗೇರುಸೊಪ್ಪೆಯ ಅರಮನೆ ಬಿದ್ದ ದಿನ ಅಲ್ಲಿಂದ ಹೊರಟ ಹೆಣ್ಣುಮಕ್ಕಳೂ ತಮ್ಮ ರಾಣಿಯ ಬಗೆಗೆ ಏನನ್ನೋ ಹೇಳಿಕೊಂಡೇ ಇದ್ದಿರಬೇಕು. ದೋಣಿಯಿಂದಿಳಿದು ಕಾಡು ಬೆಳೆದ ಗೋಡೆಗಳನ್ನು ನೋಡುತ್ತ ನಿಂತ ಪ್ರವಾಸಿಯ ಕಿವಿಗೆ ಅದು ಬೀಳಲಿಲ್ಲ.